ಸ್ತ್ರೀಯರ ಚದುರಂಗದ ರಾಷ್ಟ್ರಪಂಕ್ತಿ: ಅರ್ಹತೆಯ ಕಟ್ಟಳೆಗಳು ಬೆಳೆದುಬಂದ ಬಗೆ

ಚದುರಂಗವು ದೇಹಬಲವನ್ನು ಅಪೇಕ್ಷಿಸತಕ್ಕ ಆಟವಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಅರುವತ್ತುನಾಲ್ಕು ಮನೆಗಳ ಮುಂದೆ ಕುಳಿತವರು ಗಂಡಸಾದರೂ ಹೆಂಗಸಾದರೂ ಕುದುರೆಯ ನೆಗೆತವು ಬದಲಾಗುವುದಿಲ್ಲ, ಆನೆಯ ನೇರನಡೆಯು ಡೊಂಕಾಗುವುದಿಲ್ಲ. ಹೀಗಿರುವಲ್ಲಿ ಸ್ತ್ರೀಯರಿಗೆಂದೇ ಬೇರೆ ಪಂದ್ಯಾಟ, ಬೇರೆ ಬಿರುದು, ಬೇರೆ ರಾಷ್ಟ್ರಪಂಕ್ತಿ ಏರ್ಪಟ್ಟದ್ದು ಹೇಗೆ, ಆ ಪಂಕ್ತಿಯಲ್ಲಿ ಕುಳಿತುಕೊಳ್ಳಲು ತಕ್ಕವರು ಯಾರೆಂಬುದನ್ನು ಯಾವ ಕಾಲದಲ್ಲಿ ಯಾವ ಆಧಾರದಿಂದ ಗೊತ್ತುಮಾಡಿದರು ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯವಾಗಿದೆ. ೨೦೨೪ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಭಾರತದ ಸ್ತ್ರೀಪಂಕ್ತಿಯು ಒಲಿಂಪಿಯಾಡಿನ ಚಿನ್ನದ ಪದಕವನ್ನು ಗೆದ್ದ ಮೇಲೆ ಗೆಲುವಿನ ಮಾತು ಬಹಳವಾಗಿ ನಡೆಯಿತು. ಆ ಐವರು ಆಯ್ಕೆಯಾಗುವಂತೆ ಮಾಡಿದ ಕಟ್ಟಳೆಗಳ ಚರಿತ್ರೆಯನ್ನು ಕುರಿತ ಮಾತು ಅಷ್ಟಾಗಿ ನಡೆಯಲಿಲ್ಲ.

ಅರ್ಹತೆಯೆಂಬ ಒಂದೇ ಮಾತಿನಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಯಾರು ಒಳಕ್ಕೆ ಬರಬಹುದೆಂಬುದು ಒಂದು. ಒಳಕ್ಕೆ ಬಂದವರಲ್ಲಿ ಯಾರಿಗೆ ಮಣೆ ಹಾಕಬೇಕೆಂಬುದು ಇನ್ನೊಂದು. ಮೊದಲನೆಯದು ಬಾಗಿಲಿನ ಪ್ರಶ್ನೆ, ಎರಡನೆಯದು ಮಣೆಯ ಪ್ರಶ್ನೆ. ಈ ವಿಷಯದಲ್ಲಿ ಹುಟ್ಟಿದ ವಾದಗಳಲ್ಲಿ ಮುಕ್ಕಾಲು ಪಾಲು ಇವೆರಡನ್ನು ಒಂದರೊಡನೊಂದು ಬೆರೆಸಿದ್ದರಿಂದಲೇ ಹುಟ್ಟಿದವುಗಳೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಕನ್ನಡನಾಡಿಗೂ ಚದುರಂಗಕ್ಕೂ ಇರುವ ನಂಟು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ವಿನೋದಪ್ರಕರಣಗಳಲ್ಲಿ ಚತುರಂಗವೂ ಒಂದು. ಇಬ್ಬರು ಆಡುವ ಬಗೆಯನ್ನೂ ನಾಲ್ವರು ಆಡುವ ಬಗೆಯನ್ನೂ ಅಲ್ಲಿ ವರ್ಣಿಸಿದೆ. ಏಳು ಶತಮಾನಗಳ ತರುವಾಯ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯೆಂಬ ಭಾಗವನ್ನು ಇಂತಹ ಆಟಗಳಿಗಾಗಿಯೇ ಮೀಸಲಿಟ್ಟರು. ಕುದುರೆಯು ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ತುರಗಗತಿಯಲ್ಲಿ ಆ ಅರಸರಿಗಿದ್ದ ಪಾಂಡಿತ್ಯವು ಹೊರದೇಶದ ಚದುರಂಗಚರಿತ್ರಕಾರರಿಗೂ ತಿಳಿದದ್ದೇ. ಆದರೆ ಇವೆರಡೂ ಅರಮನೆಯ ವಿನೋದಗಳು. ಜನಸಾಮಾನ್ಯರ ಮನೆಗಳಲ್ಲಿ ಹೆಂಗಸರ ಕೈಗೆ ಬಂದದ್ದು ಅಳಗುಳಿಮಣೆ, ಪಗಡೆ, ಚೌಕಾಬಾರಗಳು. ಚದುರಂಗದ ಹಾಸು ಬಹುಮಟ್ಟಿಗೆ ಜಗಲಿಯ ಮೇಲೆ, ಗಂಡಸರ ನಡುವೆಯೇ ಉಳಿಯಿತು. ಇದನ್ನು ನಿಷೇಧಿಸಿದ ಶಾಸ್ತ್ರವೊಂದೂ ಇಲ್ಲ. ಬರೆದಿಡದ ಕಟ್ಟಳೆಯು ಬರೆದಿಟ್ಟದ್ದಕ್ಕಿಂತ ಗಟ್ಟಿಯಾಗಿ ನಿಲ್ಲುವುದುಂಟು.

ಕಾಯಿಗಳ ಹೆಸರಿನಿಂದ ಏನನ್ನಾದರೂ ಸಾಧಿಸಬಹುದೆಂದು ಕೆಲವರು ಎಣಿಸಿದ್ದಾರೆ. ಕನ್ನಡದ ಚದುರಂಗದಲ್ಲಿ ರಾಜನ ಪಕ್ಕದಲ್ಲಿ ನಿಲ್ಲುವವನು ಮಂತ್ರಿ. ಅದೇ ಕಾಯಿ ಐರೋಪ್ಯರಲ್ಲಿ ರಾಣಿಯಾಯಿತು; ಹದಿನೈದನೆಯ ಶತಮಾನದ ಕೊನೆಯಲ್ಲಿ ಅದಕ್ಕೆ ಎಂಟು ದಿಕ್ಕಿನ ದೀರ್ಘಗತಿ ದೊರೆತು ಹಲಗೆಯ ಮೇಲೆಲ್ಲ ಅದೇ ಪ್ರಬಲವಾಯಿತು. ಇದರಿಂದ ಅಲ್ಲಿಯ ಸ್ತ್ರೀಯರಿಗೆ ಹಲಗೆಯ ಹೊರಗೂ ಮರ್ಯಾದೆ ಹೆಚ್ಚಿತೆಂದು ಹೇಳುವುದು ಸಾಹಸವಾದೀತು, ಏಕೆಂದರೆ ರಾಣಿಯು ಪ್ರಬಲಳಾದ ನಾನೂರು ವರ್ಷಗಳ ಮೇಲೂ ಅಲ್ಲಿಯ ಹಲವು ಚದುರಂಗ ಸಂಘಗಳು ಹೆಂಗಸರನ್ನು ಸದಸ್ಯರಾಗಿ ಸೇರಿಸುತ್ತಿರಲಿಲ್ಲ. ಇತ್ತ ಮಲೆನಾಡಿನ ಕೆಳದಿ ಸೀಮೆಯಲ್ಲಿ ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಚೆನ್ನಮ್ಮಾಜಿಯು ಸ್ವತಃ ಸಿಂಹಾಸನದಲ್ಲಿ ಕುಳಿತು ಆಳಿದಳು. ಅವಳ ದತ್ತುಪುತ್ರ ಬಸವಪ್ಪ ನಾಯಕನೇ ಶಿವತತ್ತ್ವರತ್ನಾಕರವೆಂಬ ವಿಶ್ವಕೋಶವನ್ನು ರಚಿಸಿದವನು. ಹಾಗಿದ್ದೂ ಹಲಗೆಯ ಮೇಲೆ ಮಂತ್ರಿಯು ಮಂತ್ರಿಯಾಗಿಯೇ ಉಳಿದನು. ಕಾಯಿಯ ಲಿಂಗಕ್ಕೂ ಆಡುವವರ ಲಿಂಗಕ್ಕೂ ಸಂಬಂಧ ಕಲ್ಪಿಸುವುದರಲ್ಲಿ ಫಲವಿಲ್ಲ.

ವಿಶ್ವ ಚದುರಂಗ ಮಂಡಲಿಯಾದ ಫಿಡೆ ಸಂಸ್ಥೆಯು ೧೯೨೪ರ ಜುಲೈ ೨೦ರಂದು ಪ್ಯಾರಿಸ್ಸಿನಲ್ಲಿ ಸ್ಥಾಪಿತವಾಯಿತು. ಮೂರು ವರ್ಷಗಳ ಮೇಲೆ, ೧೯೨೭ರಲ್ಲಿ, ಲಂಡನ್ನಿನಲ್ಲಿ ಮೊದಲನೆಯ ಒಲಿಂಪಿಯಾಡ್ ನಡೆದಾಗ ಅದರೊಂದಿಗೇ ಸ್ತ್ರೀಯರ ಮೊದಲನೆಯ ವಿಶ್ವಪಂದ್ಯವನ್ನೂ ಏರ್ಪಡಿಸಿದರು. ಅದನ್ನು ಗೆದ್ದವಳು ಮಾಸ್ಕೋವಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ವೆರಾ ಮೆಂಚಿಕ್. ೧೯೪೪ರಲ್ಲಿ ಜರ್ಮನರ ಹಾರುಬಾಂಬಿಗೆ ತುತ್ತಾಗುವವರೆಗೂ ಅವಳ ಪಟ್ಟವನ್ನು ಯಾರೂ ಕಸಿದುಕೊಳ್ಳಲಾಗಲಿಲ್ಲ. ಅರ್ಹತೆಯ ಚರಿತ್ರೆಯಲ್ಲಿ ಅವಳ ಮಹತ್ತ್ವ ಬೇರೊಂದು ಕಾರಣದಿಂದ. ಒಬ್ಬಳೇ ಆಟಗಾರ್ತಿ ಮೊದಲು ರಷ್ಯದ ಹೆಸರಿನಲ್ಲಿ, ನಡುವೆ ಚೆಕೊಸ್ಲೊವಾಕಿಯದ ಹೆಸರಿನಲ್ಲಿ, ಆಂಗ್ಲನೊಬ್ಬನನ್ನು ಮದುವೆಯಾದ ಮೇಲೆ ೧೯೩೯ರಲ್ಲಿ ಇಂಗ್ಲೆಂಡಿನ ಹೆಸರಿನಲ್ಲಿ ಆಡಿದಳು. ಹುಟ್ಟು, ತಂದೆಯ ದೇಶ, ಗಂಡನ ದೇಶ ಇವುಗಳಲ್ಲಿ ಯಾವುದು ಆಟಗಾರ್ತಿಯ ರಾಷ್ಟ್ರವೆಂಬುದು ಆಗ ಬಿಗಿಯಾಗಿ ಗೊತ್ತಾಗಿರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಇಂದಿನ ಕಟ್ಟಳೆಯಲ್ಲಿ ಒಂದು ಮಂಡಲಿಯಿಂದ ಇನ್ನೊಂದಕ್ಕೆ ಹೆಸರನ್ನು ವರ್ಗಾಯಿಸಿಕೊಳ್ಳಲು ವಿಧಿಬದ್ಧವಾದ ಅರ್ಜಿ, ಶುಲ್ಕ, ಕೆಲವೆಡೆ ಕಾಯುವ ಅವಧಿ ಇವೆಲ್ಲ ಇವೆ. ರಷ್ಯದ ಪಂಕ್ತಿಯಲ್ಲಿ ಬಹುಕಾಲ ಆಡಿದ ಮಾಜಿ ವಿಶ್ವವಿಜೇತೆ ಅಲೆಕ್ಸಾಂಡ್ರಾ ಕೊಸ್ತೆನ್ಯುಕ್ ೨೦೨೩ರಲ್ಲಿ ಸ್ವಿಟ್ಜರ್ಲೆಂಡಿಗೆ ಸೇರಿದ್ದು ಈ ವಿಧಿಯ ಮೂಲಕವೇ.

ಭಾರತದ ಸ್ತ್ರೀಯೊಬ್ಬಳು ಈ ಚರಿತ್ರೆಯಲ್ಲಿ ಮೊದಲು ಕಾಣಿಸಿಕೊಳ್ಳುವುದು ೧೯೩೩ರಲ್ಲಿ, ಅದೂ ಭಾರತದ ಹೆಸರಿನಿಂದಲ್ಲ. ಪಂಜಾಬಿನ ಸರ್ ಉಮರ್ ಹಯಾತ್ ಖಾನನ ಪರಿವಾರದೊಂದಿಗೆ ಇಂಗ್ಲೆಂಡಿಗೆ ಹೋದ ಸುಲ್ತಾನ್ ಖಾನನ ಹೆಸರು ಪ್ರಸಿದ್ಧವಾಗಿದೆ. ಅದೇ ಪರಿವಾರದಲ್ಲಿ ಊಳಿಗದವಳಾಗಿದ್ದ ಫಾತಿಮಾ ಎಂಬ ತರುಣಿಯು ಅಲ್ಲಿ ಆಟವನ್ನು ಬೆಳೆಸಿಕೊಂಡು ೧೯೩೩ರಲ್ಲಿ ಹೇಸ್ಟಿಂಗ್ಸಿನಲ್ಲಿ ಬ್ರಿಟಿಷ್ ಸ್ತ್ರೀಯರ ಪಟ್ಟವನ್ನು ಬಹಳ ಅಂತರದಿಂದ ಗೆದ್ದಳು. ಆ ಪಂದ್ಯಕ್ಕೆ ಬೇಕಾಗಿದ್ದುದು ಬ್ರಿಟಿಷ್ ಪ್ರಜೆಯಾಗಿರುವುದಷ್ಟೆ. ಸಾಮ್ರಾಜ್ಯದ ಆಳಿಕೆಗೆ ಒಳಗಾದದ್ದೇ ಇಲ್ಲಿ ಅರ್ಹತೆಯಾಯಿತು. ಯಜಮಾನನು ಸ್ವದೇಶಕ್ಕೆ ಮರಳಿದಾಗ ಅವಳೂ ಮರಳಿದಳು. ಅಲ್ಲಿಗೆ ಅವಳ ಪಂದ್ಯಾಟದ ಕಥೆ ಮುಗಿಯಿತು. ಭಾರತದಲ್ಲಿ ಅವಳು ಆಡಬಹುದಾಗಿದ್ದ ಸ್ತ್ರೀಪಂದ್ಯವು ಮುಂದೆ ನಾಲ್ವತ್ತು ವರ್ಷಗಳಾದರೂ ಹುಟ್ಟಲಿಲ್ಲ. ಬಾಗಿಲು ತೆರೆದಿದ್ದರೂ ಮನೆಯೇ ಇಲ್ಲದಿದ್ದರೆ ಏನು ಪ್ರಯೋಜನ?

ಸ್ತ್ರೀಯರ ಒಲಿಂಪಿಯಾಡ್ ಮೊದಲು ನಡೆದದ್ದು ೧೯೫೭ರಲ್ಲಿ, ನೆದರ್ಲೆಂಡ್ಸಿನ ಎಮ್ಮೆನ್ ಎಂಬ ಊರಿನಲ್ಲಿ. ಇಪ್ಪತ್ತೊಂದು ರಾಷ್ಟ್ರಗಳು ಸೇರಿದುವು. ಪ್ರತಿ ಪಂಕ್ತಿಗೆ ಇಬ್ಬರು ಆಟಗಾರ್ತಿಯರು, ಒಬ್ಬಳು ಮೀಸಲು. ಕಾಲಕ್ರಮದಲ್ಲಿ ಇಬ್ಬರು ಮೂವರಾಗಿ, ೨೦೦೮ರಲ್ಲಿ ಡ್ರೆಸ್ಡೆನ್ ನಗರದಲ್ಲಿ ನಾಲ್ವರಾಗಿ, ಮೀಸಲಿನವಳೊಂದಿಗೆ ಐವರ ಪಂಕ್ತಿ ಸ್ಥಿರವಾಯಿತು. ಇದಕ್ಕೂ ಮುಂಚೆ, ೧೯೫೦ರಲ್ಲಿ ದುಬ್ರೊವ್ನಿಕ್‌ನಲ್ಲಿ, ಫ್ರಾನ್ಸಿನ ಶಾಂತಾಲ್ ಶೋದೆ ದ ಸಿಲಾನ್ ಎಂಬಾಕೆ ಗಂಡಸರ ನಡುವೆ ತನ್ನ ರಾಷ್ಟ್ರದ ಪಂಕ್ತಿಯಲ್ಲಿಯೇ ಕುಳಿತು ಆಡಿದ್ದಳೆಂಬುದನ್ನು ಮರೆಯಲಾಗದು. ಅಂದರೆ ಗಂಡಸರ ಒಲಿಂಪಿಯಾಡ್ ಎಂದು ರೂಢಿಯಲ್ಲಿ ಕರೆದದ್ದು ವಾಸ್ತವವಾಗಿ ತೆರೆದ ಪಂಕ್ತಿ. ಸ್ತ್ರೀಯರ ಪಂಕ್ತಿ ಮಾತ್ರ ಮುಚ್ಚಿದ ಪಂಕ್ತಿ. ಈ ಭೇದವನ್ನು ಭಾರತದಲ್ಲಿ ಬಹುಕಾಲ ತಲೆಕೆಳಗಾಗಿ ತಿಳಿದುಕೊಂಡಿದ್ದರು.

ಅಖಿಲ ಭಾರತ ಚದುರಂಗ ಮಂಡಲಿಯು ೧೯೫೧ರಲ್ಲಿ ಹುಟ್ಟಿತು. ೧೯೫೫ರಲ್ಲಿ ಆಂಧ್ರದ ಏಲೂರಿನಲ್ಲಿ ಮೊದಲ ರಾಷ್ಟ್ರೀಯ ಪಂದ್ಯ ನಡೆಯಿತು. ೧೯೫೬ರಲ್ಲಿ ಮಾಸ್ಕೋವಿನ ಒಲಿಂಪಿಯಾಡಿಗೆ ಭಾರತದ ಪಂಕ್ತಿ ಹೊರಟಿತು. ಸ್ತ್ರೀಯರ ರಾಷ್ಟ್ರೀಯ ಪಂದ್ಯವು ಬಂದದ್ದಾದರೋ ೧೯೭೪ರಲ್ಲಿ. ಅದು ನಡೆದದ್ದು ಬೆಂಗಳೂರಿನಲ್ಲಿ. ಕನ್ನಡನಾಡಿನ ರಾಜಧಾನಿಯಲ್ಲಿ ಈ ಆರಂಭವಾಯಿತೆಂಬುದು ನಾಡಿನ ಚದುರಂಗಚರಿತ್ರೆಯಲ್ಲಿ ನೆನೆಯತಕ್ಕ ಸಂಗತಿಯಾದರೂ ಪಠ್ಯಗಳಲ್ಲಿ ಅದರ ಉಲ್ಲೇಖ ವಿರಳ. ಗೆದ್ದವಳು ಮುಂಬಯಿಯ ವಾಸಂತಿ ಖಾಡಿಲ್ಕರ್. ಮರುವರ್ಷ ಅವಳ ತಂಗಿ ಜಯಶ್ರೀ, ೧೯೭೬ರಲ್ಲಿ ಕಿರಿಯ ತಂಗಿ ರೋಹಿಣಿ. ಪಂದ್ಯವು ಆರಂಭವಾದಂದಿನಿಂದ ಮೊದಲ ಹತ್ತು ವರ್ಷಗಳಲ್ಲಿ ಪಟ್ಟವು ಈ ಮೂವರು ಅಕ್ಕತಂಗಿಯರ ಮನೆಯಿಂದ ಹೊರಗೆ ಹೋಗಲೇ ಇಲ್ಲ. ಇವರ ತಂದೆ ನೀಲಕಂಠ ಖಾಡಿಲ್ಕರ್ ಮರಾಠಿಯ ನವಾಕಾಳ ಪತ್ರಿಕೆಯ ಸಂಪಾದಕರು.

ರೋಹಿಣಿ ೧೯೬೩ರಲ್ಲಿ ಹುಟ್ಟಿದವಳು. ಪಟ್ಟ ಗೆದ್ದಾಗ ಅವಳಿಗೆ ಹದಿಮೂರು ವರ್ಷ. ಅದೇ ೧೯೭೬ರಲ್ಲಿ ಅವಳು ಗಂಡಸರ ರಾಷ್ಟ್ರೀಯ ಪಂದ್ಯದಲ್ಲಿ ಆಡಲು ಹೊರಟಾಗ ದೊಡ್ಡ ಕೋಲಾಹಲವಾಯಿತು. ಹುಡುಗಿಯು ಗಂಡಸರ ಪಂದ್ಯದಲ್ಲಿ ಕೂಡತಕ್ಕದ್ದಲ್ಲವೆಂದು ಆಕ್ಷೇಪಿಸಿದವರು ಹಲವರು. ವ್ಯವಹಾರವು ಉಚ್ಚನ್ಯಾಯಾಲಯದವರೆಗೆ ಹೋಯಿತು. ತೀರ್ಪು ಅವಳ ಪರವಾಯಿತು. ಆಗ ಫಿಡೆಯ ಅಧ್ಯಕ್ಷರಾಗಿದ್ದವರು ಮಾಜಿ ವಿಶ್ವವಿಜೇತ ಮಾಕ್ಸ್ ಯೂವೆ. ರಾಷ್ಟ್ರೀಯ ಹಾಗೂ ಅಂತಾರಾಷ್ಟ್ರೀಯ ಪಂದ್ಯಗಳಿಂದ ಸ್ತ್ರೀಯರನ್ನು ಹೊರಗಿಡಲಾಗದೆಂದು ಅವರು ನಿರ್ಣಯ ಕೊಟ್ಟರು. ಭಾರತದ ಗಂಡಸರ ರಾಷ್ಟ್ರೀಯ ಪಂದ್ಯದಲ್ಲಿ ಆಡಿದ ಮೊದಲ ಸ್ತ್ರೀ ಅವಳೇ. ಅಲ್ಲಿ ಅವಳು ಕೆಲವು ರಾಜ್ಯಗಳ ವಿಜೇತರನ್ನೂ ಸೋಲಿಸಿದಳು.

ಈ ನಿರ್ಣಯದ ಸ್ವರೂಪವನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಅದು ಸ್ತ್ರೀಯರ ಪಂದ್ಯವನ್ನು ತೆಗೆದುಹಾಕಲಿಲ್ಲ. ಗಂಡಸರ ಪಂದ್ಯಕ್ಕಿದ್ದ ಹೆಸರಿನ ಬೇಲಿಯನ್ನು ಮಾತ್ರ ಕಿತ್ತಿತು. ಅದುವರೆಗೆ ಎರಡು ಬೇಲಿಗಳಿದ್ದುವು, ಇನ್ನುಮುಂದೆ ಒಂದೇ. ಆಕ್ಷೇಪಿಸಿದವರು ಕೇಳಿದ ಪ್ರಶ್ನೆಯೇನೆಂದರೆ, ಸ್ತ್ರೀಯು ಗಂಡಸರ ಪಂಕ್ತಿಗೆ ಬರಬಹುದಾದರೆ ಗಂಡಸು ಸ್ತ್ರೀಯರ ಪಂಕ್ತಿಗೇಕೆ ಬರಬಾರದು ಎಂಬುದು. ಇದು ತರ್ಕದಂತೆ ಕಂಡರೂ ತರ್ಕವಲ್ಲ. ಸ್ತ್ರೀಪಂದ್ಯವನ್ನು ಏರ್ಪಡಿಸಿದ ಉದ್ದೇಶವು ಶಕ್ತಿಭೇದವನ್ನು ಸಾರುವುದಲ್ಲ, ಮನೆಯಿಂದ ಹೊರಗೆ ಬಂದು ಆಡುವ ರೂಢಿಯೇ ಇಲ್ಲದವರಿಗೆ ರೂಢಿಯನ್ನು ಉಂಟುಮಾಡುವುದು. ಉದ್ದೇಶವು ಹಾಗಿರುವಾಗ ಬಾಗಿಲು ಒಂದೇ ದಿಕ್ಕಿಗೆ ತೆರೆಯುವುದರಲ್ಲಿ ಅನ್ಯಾಯವಿಲ್ಲ. ಉದ್ದೇಶವನ್ನು ಮರೆತು ಅದನ್ನು ಬುದ್ಧಿಶಕ್ತಿಯ ಪಂಕ್ತಿಭೇದವೆಂದು ಭಾವಿಸಿದಲ್ಲಿ ಮಾತ್ರ ಅದು ಅವಮಾನವಾಗುತ್ತದೆ. ಅಂತಹ ಭಾವನೆಯು ಆಡಳಿತದವರಲ್ಲಿ ಇರಲಿಲ್ಲವೆಂದು ಹೇಳಲಾಗದು.

ರಾಷ್ಟ್ರೀಯ ಪಟ್ಟವನ್ನೇ ಆಯ್ಕೆಯ ಮುಖ್ಯ ಆಧಾರವಾಗಿ ಇಟ್ಟುಕೊಂಡ ಕಾಲದಲ್ಲಿ ಪಂಕ್ತಿಯ ಹೆಸರುಗಳು ಹೆಚ್ಚಾಗಿ ಬದಲಾಗುತ್ತಿರಲಿಲ್ಲ. ಖಾಡಿಲ್ಕರ್ ಸೋದರಿಯರ ತರುವಾಯ ಭಾಗ್ಯಶ್ರೀ ಸಾಠೆ, ಮುಂದೆ ಠಿಪ್ಸೆ ಎಂದು ಪ್ರಸಿದ್ಧರಾದವರು, ಐದು ಸಲ ಪಟ್ಟ ಗೆದ್ದರು. ಅನುಪಮಾ ಅಭ್ಯಂಕರ್ ಗೋಖಲೆಯವರೂ ಐದು ಸಲ. ಮೊದಲ ಎರಡು ದಶಕಗಳ ಪಟ್ಟವು ಹೆಚ್ಚುಕಡಮೆ ಮಹಾರಾಷ್ಟ್ರದ ಸ್ವತ್ತಾಗಿತ್ತು. ಅಲ್ಲಿಯ ಹೆಣ್ಣುಮಕ್ಕಳಿಗೆ ಬುದ್ಧಿಯು ಹೆಚ್ಚೆಂದು ಇದರ ಅರ್ಥವಲ್ಲ; ಮನೆಯಲ್ಲಿ ಆಡುವ ತಂದೆಯೋ ಅಣ್ಣನೋ ಇದ್ದು, ಊರಿನಲ್ಲಿ ಸಂಘವಿದ್ದು, ಪ್ರಯಾಣಕ್ಕೆ ಜೊತೆಯಿದ್ದವರು ಮೇಲಕ್ಕೆ ಬಂದರು. ತಮಿಳುನಾಡಿನ ವಿಜಯಲಕ್ಷ್ಮಿ ಸುಬ್ಬರಾಮನ್ ೨೦೦೧ರಲ್ಲಿ ಭಾರತದ ಮೊದಲ ಸ್ತ್ರೀ ಗ್ರಾಂಡ್‌ಮಾಸ್ಟರ್ ಆದರು. ೨೦೦೨ರಲ್ಲಿ ಆಂಧ್ರದ ಕೋನೇರು ಹಂಪಿ ಗಂಡಸರಿಗೂ ಸಾಮಾನ್ಯವಾದ ಗ್ರಾಂಡ್‌ಮಾಸ್ಟರ್ ಬಿರುದನ್ನೇ ಪಡೆದರು. ಅಲ್ಲಿಂದ ಮುಂದೆ ಭೂಪಟ ಬದಲಾಯಿತು.

ಪಟ್ಟದ ಆಧಾರವು ಹಿಂದೆ ಸರಿದು ಅದರ ಸ್ಥಾನಕ್ಕೆ ಬಂದದ್ದು ಅಂಕ. ಹಂಗೇರಿ ಮೂಲದ ಅಮೆರಿಕದ ಅಧ್ಯಾಪಕ ಅರ್ಪಾದ್ ಎಲೊ ಕಲ್ಪಿಸಿದ ಗಣನಾಕ್ರಮವನ್ನು ಫಿಡೆಯು ೧೯೭೦ರಲ್ಲಿ ಅಂಗೀಕರಿಸಿತು. ಅದರ ತತ್ತ್ವ ಸರಳ. ಇಬ್ಬರ ನಡುವಣ ಅಂತರ ೨೦೦ ಅಂಕಗಳಾದರೆ ಮೇಲಿನವರು ನೂರು ಆಟಗಳಲ್ಲಿ ಸುಮಾರು ೭೬ ಅಂಶಗಳನ್ನು ಗಳಿಸುವರೆಂದು ಎಣಿಕೆ. ೧೦೦ ಆದರೆ ಸುಮಾರು ೬೪. ಎಣಿಕೆಗಿಂತ ಹೆಚ್ಚು ಗಳಿಸಿದವರ ಅಂಕ ಏರುತ್ತದೆ, ಕಡಮೆಯಾದವರದು ಇಳಿಯುತ್ತದೆ. ಇಲ್ಲಿ ಒಬ್ಬರ ಲಾಭವು ಬಹುಮಟ್ಟಿಗೆ ಇನ್ನೊಬ್ಬರ ನಷ್ಟ. ಆದ್ದರಿಂದ ಒಂದು ಗುಂಪಿನವರು ತಮ್ಮತಮ್ಮಲ್ಲಿಯೇ ಆಡುತ್ತಿದ್ದರೆ ಆ ಗುಂಪಿನ ಒಟ್ಟು ಅಂಕ ಅಲ್ಲಿಯೇ ಸುತ್ತುತ್ತದೆ. ಹೊರಗಿನ ಗುಂಪಿನ ಅಂಕದೊಡನೆ ಅದನ್ನು ಹೋಲಿಸುವುದು ಎರಡು ಊರಿನ ಕೊಳಗಗಳನ್ನು ಸರಿನೋಡದೆ ಭತ್ತ ಅಳೆದಂತೆ.

ಈ ಕೊಳಗದ ವ್ಯತ್ಯಾಸವು ೧೯೮೬ರಲ್ಲಿ ಬಯಲಿಗೆ ಬಂದಿತು. ಸ್ತ್ರೀಯರು ಬಹುಪಾಲು ಸ್ತ್ರೀಯರೊಡನೆಯೇ ಆಡುವುದರಿಂದ ಅವರ ಅಂಕ ನಿಜಶಕ್ತಿಗಿಂತ ಕೆಳಗಿದೆಯೆಂದು ನಿರ್ಣಯಿಸಿ, ಎಲ್ಲ ಆಟಗಾರ್ತಿಯರಿಗೂ ಒಂದೇ ಸಲ ೧೦೦ ಅಂಕಗಳನ್ನು ಕೂಡಿಸಿಕೊಟ್ಟರು. ಹಂಗೇರಿಯ ಸುಸಾನ್ ಪೋಲ್ಗಾರ್ ಒಬ್ಬಳನ್ನು ಬಿಟ್ಟು. ಅವಳು ಗಂಡಸರೊಡನೆ ಆಡಿ ಅಂಕ ಗಳಿಸಿದವಳಾದ್ದರಿಂದ ಅವಳ ಅಂಕ ಸರಿಯಾಗಿಯೇ ಇದೆಯೆಂಬುದು ಕೊಟ್ಟ ಕಾರಣ. ೧೯೮೭ರ ಜನವರಿಯ ಪಟ್ಟಿಯಲ್ಲಿ ಅವಳು ಒಂದನೆಯ ಸ್ಥಾನದಿಂದ ಇಳಿದು ಜಾರ್ಜಿಯದ ಮಾಯಾ ಚಿಬುರ್ದಾನಿದ್ಜೆ ಮೇಲಕ್ಕೆ ಬಂದಳು. ಗಣಿತದ ದೃಷ್ಟಿಯಿಂದ ಈ ಕ್ರಮಕ್ಕೆ ಒಂದಿಷ್ಟು ಸಮರ್ಥನೆಯುಂಟು. ಧರ್ಮದ ದೃಷ್ಟಿಯಿಂದಲಾದರೋ ತೆರೆದ ಪಂಕ್ತಿಯನ್ನು ಹುಡುಕಿಕೊಂಡು ಹೋದವಳಿಗೇ ದಂಡ ಬಿದ್ದಂತಾಯಿತು. ಇದರೊಡನೆ ೨೦೨೪ರ ಮಾರ್ಚಿಯ ಕ್ರಮವನ್ನು ಹೋಲಿಸಬಹುದು: ಕೆಳಮಟ್ಟದ ಅಂಕಗಳು ಕುಗ್ಗಿವೆಯೆಂದು ಕಂಡು ಫಿಡೆಯು ೨೦೦೦ಕ್ಕೆ ಕೆಳಗಿದ್ದವರೆಲ್ಲರಿಗೂ ಅವರ ಕೊರತೆಯ ಹತ್ತರಲ್ಲಿ ನಾಲ್ಕು ಪಾಲನ್ನು ಕೂಡಿಸಿಕೊಟ್ಟಿತು. ಇಲ್ಲಿ ಗಂಡುಹೆಣ್ಣೆಂಬ ಭೇದವಿರಲಿಲ್ಲ, ಯಾರೂ ಮೊರೆಯಿಡಲಿಲ್ಲ.

ಸುಸಾನಳೂ ತಂಗಿಯರಾದ ಸೋಫಿಯಾ, ಜೂಡಿತರೂ ೧೯೮೮ರಲ್ಲಿ ಥೆಸಲೊನಿಕಿಯಲ್ಲಿ ಇಲ್ದಿಕೊ ಮಾದ್ಲ್ ಎಂಬಾಕೆಯೊಡನೆ ಸೇರಿ ಸೋವಿಯೆತರಿಂದ ಚಿನ್ನವನ್ನು ಕಸಿದುಕೊಂಡರು. ಜೂಡಿತ್ ಮುಂದೆ ಸ್ತ್ರೀಪಂಕ್ತಿಯನ್ನು ಬಿಟ್ಟು ೧೯೯೪ರಿಂದ ಹಂಗೇರಿಯ ತೆರೆದ ಪಂಕ್ತಿಯಲ್ಲಿ ಕುಳಿತಳು. ರಾಷ್ಟ್ರಮಂಡಲಿಯು ತನ್ನ ಉತ್ತಮಳಾದ ಆಟಗಾರ್ತಿಯನ್ನು ಪದಕದ ಆಸೆಯಿಂದ ಸ್ತ್ರೀಪಂಕ್ತಿಯಲ್ಲಿಯೇ ಹಿಡಿದಿಡಬಹುದೆ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. ಅದಕ್ಕೆ ಕಟ್ಟಳೆಯ ಉತ್ತರ ಇಲ್ಲ, ಆಟಗಾರ್ತಿಯ ಇಚ್ಛೆಯೇ ಉತ್ತರ.

ಭಾರತದಲ್ಲಿ ಅಂಕದ ಬಳಿಗೆ ಹೋಗುವ ಮೆಟ್ಟಲುಗಳನ್ನು ತಿಳಿಯಲು ಒಂದು ಹಳ್ಳಿಯಿಂದ ಹೊರಡುವುದು ಅನುಕೂಲ. ಶಿವಮೊಗ್ಗ ತಾಲ್ಲೂಕಿನಲ್ಲಿ ಹೊಳಲೂರು ಇದೆ. ಅಲ್ಲಿಂದ ಜಿಲ್ಲೆಯ ಮುಖ್ಯ ಪಟ್ಟಣಕ್ಕೆ ಬಸ್ಸಿನಲ್ಲಿ ಒಂದು ಹೊತ್ತಿನ ಹಾದಿ, ಕಬ್ಬಿಣದ ಊರಾದ ಭದ್ರಾವತಿಯೂ ದೂರವಲ್ಲ. ಇಂತಹ ಊರಿನ ಹುಡುಗಿಯೊಬ್ಬಳು ರಾಷ್ಟ್ರಪಂಕ್ತಿಯ ಕಡೆಗೆ ನೋಡಿದಳೆಂದು ಇಟ್ಟುಕೊಳ್ಳೋಣ. ಮೊದಲು ಅವಳು ತನ್ನ ರಾಜ್ಯದ ಮೂಲಕ ಅಖಿಲ ಭಾರತ ಮಂಡಲಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ಜಿಲ್ಲೆಯಿಂದ ರಾಜ್ಯದ ಪಂದ್ಯಕ್ಕೆ, ಅಲ್ಲಿ ಮುಂದಿನ ಸ್ಥಾನಗಳನ್ನು ಗಳಿಸಿದವರು ರಾಷ್ಟ್ರೀಯ ಪಂದ್ಯಕ್ಕೆ. ರಾಜ್ಯಗಳಲ್ಲದೆ ರೈಲ್ವೆ, ಜೀವವಿಮಾ ನಿಗಮ, ಪೆಟ್ರೋಲಿಯಂ ಕ್ರೀಡಾಮಂಡಲಿ ಮೊದಲಾದ ಉದ್ಯೋಗಸಂಸ್ಥೆಗಳೂ ತಮ್ಮವರನ್ನು ಕಳುಹಿಸುತ್ತವೆ. ಹಂಪಿಯವರು ತೈಲ ಮತ್ತು ಅನಿಲ ನಿಗಮದ ಉದ್ಯೋಗಿಯೆಂಬುದು ಪ್ರಸಿದ್ಧ. ಹೆಚ್ಚಿನ ಶುಲ್ಕ ಕೊಟ್ಟು ಪ್ರವೇಶ ಪಡೆಯುವ ಪದ್ಧತಿಯೂ ಕೆಲವು ಪಂದ್ಯಗಳಲ್ಲಿ ಬಂದಿದೆ. ಹೀಗೆ ಒಂದೇ ಮಹಡಿಗೆ ಮೂರು ಏಣಿಗಳು: ಗೆಲುವಿನದು, ಉದ್ಯೋಗದ್ದು, ಹಣದ್ದು.

ಮಹಡಿಯನ್ನು ಏರಿದ ಮಾತ್ರಕ್ಕೆ ಅಂಕ ಬರಲಿಲ್ಲ. ಗಣನೆಗೆ ಒಳಪಟ್ಟ ಪಂದ್ಯಗಳನ್ನು ಊರೂರಿಗೆ ಹೋಗಿ ಆಡಬೇಕು. ಬಲಿಷ್ಠರೊಡನೆ ಆಡಿದರಲ್ಲದೆ ಅಂಕ ಬೇಗ ಏರದು. ಬಲಿಷ್ಠರಿರುವುದು ದೂರದ ನಗರಗಳಲ್ಲಿ. ಹದಿನಾಲ್ಕು ವರ್ಷದ ಹುಡುಗ ಒಬ್ಬನೇ ರಾತ್ರಿಯ ರೈಲು ಹತ್ತಬಹುದು. ಅದೇ ವಯಸ್ಸಿನ ಹುಡುಗಿಯೊಡನೆ ತಾಯಿಯೋ ತಂದೆಯೋ ಹೊರಡಬೇಕಾಗುತ್ತದೆ. ಖರ್ಚು ಇಮ್ಮಡಿ, ಮನೆಯ ಕೆಲಸ ನಿಂತದ್ದು ಬೇರೆ. ಕಟ್ಟಳೆಯ ಕಾಗದದಲ್ಲಿ ಈ ಇಮ್ಮಡಿಯ ಲೆಕ್ಕ ಎಲ್ಲಿಯೂ ಬರೆದಿಲ್ಲ. ಅಂಕದ ಆಯ್ಕೆಯು ಪಕ್ಷಪಾತವನ್ನು ಕಳೆಯುತ್ತದೆಯೆಂಬುದು ನಿಜ. ಆಯ್ಕೆ ಸಮಿತಿಯವರ ಮುಖನೋಟಕ್ಕಿಂತ ಅದು ಸಾವಿರಪಾಲು ಮೇಲು. ಆದರೆ ಅಂಕವು ಅಳೆಯುವುದು ಆಡಿದ ಆಟವನ್ನು, ಆಡಲು ಹೋಗಲಾರದೆ ಉಳಿದದ್ದನ್ನಲ್ಲ. ಪಟ್ಟದ ಆಯ್ಕೆಯಲ್ಲಿ ಒಂದು ಪಂದ್ಯಕ್ಕೆ ಹೋದರೆ ಸಾಕಾಗಿತ್ತು. ಅಂಕದ ಆಯ್ಕೆಯಲ್ಲಿ ವರ್ಷವಿಡೀ ಹೋಗುತ್ತಿರಬೇಕು. ಈ ಒಂದು ವಿಷಯದಲ್ಲಿ ಹಳೆಯ ಕಟ್ಟಳೆಯೇ ಹಳ್ಳಿಯವಳಿಗೆ ಹೆಚ್ಚು ದಯೆಯುಳ್ಳದ್ದಾಗಿತ್ತೆಂದು ಒಪ್ಪಿಕೊಳ್ಳಬೇಕು.

ಇನ್ನೊಂದು ಬಗೆಯ ಅರ್ಹತೆಯುಂಟು. ಅದಕ್ಕೆ ವಿಧೇಯತೆ ಎಂದು ಹೆಸರ��ಟ್ಟರೆ ತಪ್ಪಾಗದು. ಮಂಡಲಿಯು ಒಪ್ಪದ ಪಂದ್ಯಗಳಲ್ಲಿ ಆಡುವುದಿಲ್ಲವೆಂದು ಆಟಗಾರರಿಂದ ಮುಚ್ಚಳಿಕೆ ಬರೆಯಿಸಿಕೊಳ್ಳುವ ಪದ್ಧತಿ ಭಾರತದಲ್ಲಿ ನಡೆಯುತ್ತಿತ್ತು. ಮೀರಿದವರ ಅಂಕವನ್ನೇ ಪಟ್ಟಿಯಿಂದ ತೆಗೆಸಿದ್ದೂ ಉಂಟು. ನೊಂದ ನಾಲ್ವರು ಆಟಗಾರರು ತಂದ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗವು ೨೦೧೮ರ ಜುಲೈಯಲ್ಲಿ ಈ ಕ್ರಮವು ಅಧಿಕಾರದ ದುರುಪಯೋಗವೆಂದು ನಿರ್ಣಯಿಸಿ ಮಂಡಲಿಗೆ ಸುಮಾರು ೬.೯೨ ಲಕ್ಷ ರೂಪಾಯಿಗಳ ದಂಡವನ್ನು ವಿಧಿಸಿತು. ವ್ಯಾಪಾರದ ಕಾನೂನು ಚದುರಂಗದ ಹಲಗೆಯ ಬಳಿಗೆ ಬಂದದ್ದು ವಿಚಿತ್ರವೆಂದು ತೋರಬಹುದು. ಆದರೆ ಒಬ್ಬರೇ ಬಾಗಿಲು ಕಾಯುವವರಾಗಿ ಅವರೇ ಮಣೆ ಹಾಕುವವರೂ ಆದಲ್ಲಿ ಇನ್ನಾರ ಬಳಿ ಮೊರೆಯಿಡಬೇಕು?

ಅದೇ ೨೦೧೮ರಲ್ಲಿ ಬೇರೊಂದು ಪ್ರಸಂಗ ನಡೆಯಿತು. ಏಷ್ಯದ ರಾಷ್ಟ್ರಪಂಕ್ತಿಗಳ ಪಂದ್ಯವು ಇರಾನಿನ ಹಮದಾನಿನಲ್ಲಿ ಏರ್ಪಟ್ಟಿತ್ತು. ಆ ದೇಶದ ಕಾನೂನಿನಂತೆ ಸ್ತ್ರೀಯರು ತಲೆಯ ಮೇಲೆ ವಸ್ತ್ರ ಧರಿಸಿ ಕೂಡಬೇಕು. ಭಾರತದ ಪಂಕ್ತಿಗೆ ಆಯ್ಕೆಯಾಗಿದ್ದ, ೨೦೦೯ರ ಕಿರಿಯರ ವಿಶ್ವವಿಜೇತೆ ಸೌಮ್ಯಾ ಸ್ವಾಮಿನಾಥನ್ ಅದಕ್ಕೆ ಒಪ್ಪದೆ ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟರು. ಅಂಕದಿಂದಲೂ ಗೆಲುವಿನಿಂದಲೂ ಅರ್ಹರಾದವರು ಉಡುಪಿನ ಕಟ್ಟಳೆಯಿಂದ ಹೊರಗುಳಿದರು. ರಾಷ್ಟ್ರಪಂಕ್ತಿಯ ಕಟ್ಟಳೆಗಳಲ್ಲಿ ಎಲ್ಲಿಯೂ ಇಲ್ಲದ ಒಂದು ನಿಬಂಧನೆ ಸ್ಥಳದ ಮೂಲಕ ಒಳಬಂದದ್ದಕ್ಕೆ ಇದು ದೃಷ್ಟಾಂತ. ಗಂಡಸರ ಪಂಕ್ತಿಯವರಿಗೆ ಇಂತಹ ಪ್ರಶ್ನೆಯೇ ಏಳಲಿಲ್ಲ.

ಸ್ತ್ರೀಯೆಂದರೆ ಯಾರೆಂಬ ಪ್ರಶ್ನೆಯು ಈ ಶಾಸ್ತ್ರದಲ್ಲಿ ಕೊನೆಯದಾಗಿ ಬಂದದ್ದು. ೨೦೨೩ರ ಆಗಸ್ಟಿನಲ್ಲಿ ಫಿಡೆಯು ಲಿಂಗಪರಿವರ್ತನೆಯಾದವರನ್ನು ಕುರಿತು ವಿಧಿಗಳನ್ನು ಹೊರಡಿಸಿ, ಗಂಡಸಿನಿಂದ ಸ್ತ್ರೀಯಾದವರು ಹೆಚ್ಚಿನ ಪರಿಶೀಲನೆ ಮುಗಿಯುವವರೆಗೆ ಸ್ತ್ರೀಪಂದ್ಯಗಳಲ್ಲಿ ಆಡತಕ್ಕದ್ದಲ್ಲವೆಂದೂ, ಆ ಪರಿಶೀಲನೆಗೆ ಎರಡು ವರ್ಷ ಮೀರಬಾರದೆಂದೂ, ತೆರೆದ ಪಂದ್ಯಗಳಿಗೆ ಅಡ್ಡಿಯಿಲ್ಲವೆಂದೂ ತಿಳಿಸಿತು. ಓಟ, ಈಜುಗಳಲ್ಲಿ ದೇಹಬಲದ ಮಾತು ಹೇಳಬಹುದು; ಚದುರಂಗದಲ್ಲಿ ಆ ಮಾತು ನಿಲ್ಲಲಾರದೆಂದು ಹಲವರು ಆಕ್ಷೇಪಿಸಿದರು. ಸ್ತ್ರೀಪಂದ್ಯದ ಉದ್ದೇಶವೇನೆಂದು ೧೯೭೬ರಲ್ಲಿಯೇ ಸ್ಪಷ್ಟವಾಗಿ ಬರೆದಿಟ್ಟಿದ್ದರೆ ೨೦೨೩ರ ಈ ತೊಡಕು ಇಷ್ಟು ಬಿಗಿಯಾಗುತ್ತಿರಲಿಲ್ಲ.

ಒಲಿಂಪಿಯಾಡನ್ನು ನಡೆಸುವ ರಾಷ್ಟ್ರಕ್ಕೆ ಎರಡನೆಯದೊಂದು ಪಂಕ್ತಿಯನ್ನು ಕೂರಿಸುವ ಹಕ್ಕುಂಟು. ಪಂಕ್ತಿಗಳ ಸಂಖ್ಯೆ ಬೆಸವಾದರೆ ಮೂರನೆಯದನ್ನೂ. ೨೦೨೨ರಲ್ಲಿ ಚೆನ್ನೈ ಬಳಿಯ ಮಹಾಬಲಿಪುರದಲ್ಲಿ ಭಾರತವು ಈ ಹಕ್ಕಿನಂತೆ ಸ್ತ್ರೀಯರ ಮೂರು ಪಂಕ್ತಿಗಳನ್ನು ಕೂರಿಸಿತು. ಹಂಪಿ, ಹಾರಿಕಾ, ವೈಶಾಲಿ, ತಾನಿಯಾ ಸಚ್‌ದೇವ್, ಭಕ್ತಿ ಕುಲಕರ್ಣಿ ಇವರಿದ್ದ ಮೊದಲ ಪಂಕ್ತಿಯು ಕಂಚನ್ನು ಗೆದ್ದಿತು; ಹಾರಿಕಾ ಆಗ ತುಂಬುಗರ್ಭಿಣಿ, ಆಟಕ್ಕೆ ಅದು ಅಡ್ಡಿಯಾಗಬೇಕೆಂಬ ಕಟ್ಟಳೆಯಂತೂ ಇರಲಿಲ್ಲ. ಹತ್ತು ಸ್ಥಾನಗಳು ಹೆಚ್ಚಾದುದರಿಂದ, ಕೇವಲ ಅಂಕವನ್ನು ನೋಡಿ ಐವರನ್ನೇ ಆರಿಸಿದ್ದರೆ ಮನೆಯಲ್ಲಿ ಉಳಿಯುತ್ತಿದ್ದ ಹತ್ತು ಮಂದಿಗೆ ರಾಷ್ಟ್ರದ ಹೆಸರಿನಲ್ಲಿ ಕೂಡುವ ಅವಕಾಶ ಬಂದಿತು. ಎರಡನೆಯ ಪಂಕ್ತಿಯಲ್ಲಿ ವಂತಿಕಾ ಅಗ್ರವಾಲ್ ಇದ್ದಳು, ಹದಿನಾರು ವರ್ಷದ ದಿವ್ಯಾ ದೇಶಮುಖ್ ಇದ್ದಳು.

ಎರಡು ವರ್ಷಗಳ ಮೇಲೆ ಬುಡಾಪೆಸ್ಟಿನಲ್ಲಿ ಹಂಪಿ ಪಂಕ್ತಿಯಲ್ಲಿರಲಿಲ್ಲ. ಹಾರಿಕಾ, ವೈಶಾಲಿ, ತಾನಿಯಾರೊಡನೆ ಮೂರನೆಯ ಹಲಗೆಗೆ ದಿವ್ಯಾ, ನಾಲ್ಕನೆಯದಕ್ಕೆ ವಂತಿಕಾ ಕುಳಿತರು; ಅಭಿಜಿತ್ ಕುಂಟೆ ನಾಯಕರು. ಹನ್ನೊಂದು ಸುತ್ತುಗಳಲ್ಲಿ ೨೨ಕ್ಕೆ ೧೯ ಅಂಶ ಗಳಿಸಿ ೨೦೨೪ರ ಸೆಪ್ಟೆಂಬರ್ ೨೨ರಂದು ಭಾರತವು ಸ್ತ್ರೀಯರ ಒಲಿಂಪಿಯಾಡಿನಲ್ಲಿ ಮೊದಲ ಸಲ ಚಿನ್ನ ಪಡೆಯಿತು. ಕಜಾಖಸ್ತಾನಕ್ಕೆ ೧೮, ಅಮೆರಿಕಕ್ಕೆ ೧೭. ತಮ್ಮತಮ್ಮ ಹಲಗೆಗಳಲ್ಲಿ ವೈಯಕ್ತಿಕ ಚಿನ್ನವನ್ನು ಗೆದ್ದ ಇಬ್ಬರು ಭಾರತೀಯ ಸ್ತ್ರೀಯರು ದಿವ್ಯಾ ಮತ್ತು ವಂತಿಕಾ, ಅಂದರೆ ಆತಿಥೇಯ ರಾಷ್ಟ್ರದ ಹಕ್ಕಿನಿಂದ ಹಿಂದಿನ ಸಲ ಮಣೆ ಪಡೆದಿದ್ದವರೇ. ೨೦೨೫ರ ಜುಲೈಯಲ್ಲಿ ಜಾರ್ಜಿಯದ ಬತೂಮಿಯಲ್ಲಿ ಸ್ತ್ರೀಯರ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಎದುರುಬದುರಾಗಿ ಕುಳಿತವರು ಹಂಪಿ ಮತ್ತು ದಿವ್ಯಾ. ದಿವ್ಯಾ ಗೆದ್ದಳು. ಆ ಪಂದ್ಯವನ್ನು ಗೆದ್ದವರಿಗೆ ಗಂಡುಹೆಣ್ಣಿನ ಭೇದವಿಲ್ಲದ ಗ್ರಾಂಡ್‌ಮಾಸ್ಟರ್ ಬಿರುದು ನೇರವಾಗಿ ಸಲ್ಲತಕ್ಕದ್ದೆಂದು ಫಿಡೆಯ ಕಟ್ಟಳೆ. ಹಾಗೆ ಸ್ತ್ರೀಯರಿಗೆ ಮಾತ್ರ ತೆರೆದಿದ್ದ ಬಾಗಿಲಿನಿಂದ ಒಳಹೊಕ್ಕವಳಿಗೆ ತೆರೆದ ಪಂಕ್ತಿಯ ಬಿರುದು ಸಂದಿತು.